ಹಿಕ್ಕಿ ಹಾಕತೈತೋ, ಲದ್ದಿ ಹಾಕತೈತೋ?

ನಮ್ಮ ಆಟದ ಲೋಕದಲ್ಲಿ ಒಂದು ದೊಡ್ಡ ಬಯಲಿದೆ. ಕಥೆ ಬರೆದವರು ಅದಕ್ಕೆ ಅಳಿದುಹೋದ ರಾಜವಂಶ, ಹೂತುಹೋದ ಕೋಟೆ, ಶಾಪ ಎಲ್ಲ ಕೊಟ್ಟಿದ್ದರು. ನೆಲದ ಬಣ್ಣ ಯಾವುದೆಂದು ಮಾತ್ರ ಹೇಳಿರಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಮಹಡಿ ಕೋಣೆಯಲ್ಲಿ ಕೂತು ಕಂಪ್ಯೂಟರ್ ಆಟ ಕಟ್ಟುವ ನಮ್ಮ ಸಣ್ಣ ತಂಡದಲ್ಲಿ ಹೆಚ್ಚಿನವರು ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರು. ಬಯಲು ಎಂದಕೂಡಲೇ ಎಲ್ಲರ ಕಣ್ಣಿಗೂ ಕಟ್ಟಿದ್ದು ಎರಿ ಹೊಲವೇ, ಅಂದರೆ ಕಪ್ಪು ಮಣ್ಣಿನ ಹೊಲ. ಹೀಗಾಗಿ ಬಯಲು ಕಪ್ಪಾಯಿತು, ಅದರ ಮೇಲೆ ಬಿಳಿಜೋಳವನ್ನು ಹೋಲುವ ಹುಲ್ಲು ಬೆಳೆಯಿತು, ಬೇಸಿಗೆಯಲ್ಲಿ ನೆಲ ಬಾಯಿ ಬಿಡತೊಡಗಿತು. ಅಲ್ಲಿಗೊಂದು ಕಾಡುಪ್ರಾಣಿ ಹುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೆಲಸವೇ ಚಿತ್ರ ಬರೆಯುವುದು.

ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದಿಷ್ಟು: ನೋಡಿದರೆ ಭಯವಾಗಬೇಕು, ಹಿಂದೆ ಎಲ್ಲೂ ನೋಡಿರಬಾರದು, ಹಿಂಡು ಕಟ್ಟಿಕೊಂಡು ಬರಬೇಕು, ಆರು ಕಾಲಿದ್ದರೆ ಉತ್ತಮ.

ಆರು ಕಾಲಿನ ವಿಚಾರ ಬೇಗ ಮುಗಿಯಿತು. ಬೆನ್ನೆಲುಬಿರುವ ನೆಲದ ಪ್ರಾಣಿಗಳೆಲ್ಲ ನಾಲ್ಕೇ ಅವಯವಗಳ ಮೂಲನಕ್ಷೆಯಿಂದ ಬಂದಂಥವು. ಹಕ್ಕಿ ರೆಕ್ಕೆ ಪಡೆದದ್ದು ಮುಂಗಾಲು ಕೊಟ್ಟು. ಹಾವು ನಾಲ್ಕನ್ನೂ ಕಳೆದುಕೊಂಡಿತು. ಐದನೆಯದನ್ನು ಗಳಿಸಿದ್ದು ಯಾವುದೂ ಇಲ್ಲ. ನಮ್ಮ ಆಟದಲ್ಲಿ ಆಗಲೇ ಕುದುರೆ, ಕುರಿ ಓಡಾಡುತ್ತಿದ್ದವು. ಅವುಗಳ ನಡುವೆ ಒಂದಕ್ಕೆ ಮಾತ್ರ ಆರು ಕಾಲು ಬಂದರೆ ಅದರ ಅಣ್ಣತಮ್ಮಂದಿರು ಎಲ್ಲಿ ಹೋದರು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಅನಿಮೇಷನ್ ಹುಡುಗನಿಗೆ ಈ ಶಾಸ್ತ್ರವೆಲ್ಲ ಬೇಕಾಗಿರಲಿಲ್ಲ. "ನಾಕ ಕಾಲ ನಡಸೂದ್ರಾಗ ಜೀವಾ ಹೋಗತೈತಿ, ಇನ್ನೆರಡು ಯಾಂವ ನಡಸಾಂವ?" ಅಂದ. ಚೀಟಿಯ ಕೊನೆಯ ಸಾಲು ಹೊಡೆದು ಹಾಕಿದೆವು.

ಮೊದಲು ಹೋದದ್ದು ಲಕ್ಕುಂಡಿಗೆ. ಗದಗದಿಂದ 12 ಕಿಲೋಮೀಟರ್. ಇಲ್ಲದ ಪ್ರಾಣಿಗಳನ್ನು ನಮ್ಮ ಸೀಮೆಯ ಶಿಲ್ಪಿಗಳಷ್ಟು ಧಾರಾಳವಾಗಿ ಹುಟ್ಟಿಸಿದವರು ಬೇರೆ ಯಾರಿದ್ದಾರೆ? ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ನೋಡಿಕೊಂಡು ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಮುಂದೆ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು ಸೇರಿ ಆದ ಮಕರ. ಅದರ ಬಾಲ ನೋಡನೋಡುತ್ತ ಬಳ್ಳಿಯಾಗಿ, ಬಳ್ಳಿ ಸುರುಳಿಯಾಗಿ ಕಲ್ಲಿನ ತುಂಬ ಹರಡಿಕೊಳ್ಳುತ್ತದೆ. ಬಳಪದ ಕಲ್ಲು ಮೆತ್ತಗೆ, ಉಳಿ ಎತ್ತ ಹೇಳಿದರೆ ಅತ್ತ ಬರುತ್ತದೆ.

ರೂಮಿಗೆ ಬಂದು, ಪ್ರಾಣಿಗೆ ಮೂರು ಆಯಾಮದ ರೂಪ ಕೊಡುವ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಮಕರವನ್ನು ನೆಲಕ್ಕಿಳಿಸಿ ಎಲುಬು ಕೂಡಿಸತೊಡಗಿದಾಗ ಶಿಲ್ಪಿಯ ಜಾಣತನ ತಿಳಿಯಿತು. ಮಕರ ಬಾಗಿಲು ಕಾಯುತ್ತದೆ. ಅದಕ್ಕೆ ಮೇವು ಹುಡುಕುವ, ಮರಿ ಸಾಕುವ, ಮಳೆಗಾಲ ದಾಟುವ ತಾಪತ್ರಯವಿಲ್ಲ. ಬಳ್ಳಿಯಾದ ಬಾಲಕ್ಕೆ ಎಲ್ಲಿಯ ಎಲುಬು? ಕಲ್ಪನಾಲೋಕದ ಆಟಗಳಲ್ಲಿ ಬರುವ ಬಹುಪಾಲು ಪ್ರಾಣಿಗಳ ಪಾಡೂ ಇದೇ ಎಂದು ನನ್ನ ಅಭಿಪ್ರಾಯ. ಕೋಡು ಅಂಟಿಸುತ್ತಾರೆ, ರೆಕ್ಕೆ ಅಂಟಿಸುತ್ತಾರೆ, ಮುಳ್ಳು ಅಂಟಿಸುತ್ತಾರೆ. ಬೆಳಗಾದರೆ ಅದು ಏನು ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ. ಲಕ್ಕುಂಡಿಯಿಂದ ನಾನು ತಂದದ್ದು ಒಂದೇ: ಭಾರವನ್ನೆಲ್ಲ ಮುಂದಕ್ಕೆ ಹಾಕುವ ರೀತಿ. ಎದೆ, ಕತ್ತು, ದವಡೆಗಳಲ್ಲಿ ಮೈಯೆಲ್ಲ ತುಂಬಿರುತ್ತದೆ, ಹಿಂದಕ್ಕೆ ಹೋದಂತೆ ಸೊರಗುತ್ತದೆ. ಅದನ್ನು ನೋಡಿದರೆ ಒಳಗೆಲ್ಲೋ ಅಳುಕಾಗುತ್ತದೆ.

ಆಮೇಲೆ ಲೆಕ್ಕಕ್ಕೆ ಕೂತೆ. ನಮ್ಮ ಬಯಲು ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಅಗಲ. ಅದರಲ್ಲಿ ಮೇಯಲು ಚಿಗರಿಯಂಥ ಪ್ರಾಣಿ ಮುನ್ನೂರು ಬಿಡುವುದೆಂದು ಮಾತಾಗಿತ್ತು. (ಚಿಗರಿ ಎಂದರೆ ಈಗ ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಮೀಸಲು ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು. ನಿಜವಾದ ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕೆಂದರೆ ರಾಣೆಬೆನ್ನೂರಿಗೆ ಹೋಗಬೇಕು. ಅಲ್ಲಿ 1974ರಿಂದ ಅವುಗಳಿಗೆಂದೇ 119 ಚದರ ಕಿಲೋಮೀಟರ್ ಅಭಯಾರಣ್ಯವಿದೆ.) ಒಂದು ಚಿಗರಿಗೆ ಮೂವತ್ತು ಕಿಲೋ ಹಿಡಿದರೆ ಮುನ್ನೂರಕ್ಕೆ ಒಂಬತ್ತು ಸಾವಿರ ಕಿಲೋ ಬೇಟೆ. 2002ರಲ್ಲಿ ಕ್ರಿಸ್ ಕಾರ್ಬೋನ್ ಮತ್ತು ಜಾನ್ ಗಿಟಲ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಮಾಂಸಾಹಾರಿಗಳ ಬಗ್ಗೆ ಒಂದು ಸರಳ ಪ್ರಮಾಣ ತೋರಿಸಿಕೊಟ್ಟರು: ಹತ್ತು ಸಾವಿರ ಕಿಲೋ ಬೇಟೆ ಇದ್ದ ಕಡೆ ಒಂದು ಜಾತಿಯ ಬೇಟೆಗಾರ ಪ್ರಾಣಿ ಒಟ್ಟು ತೊಂಬತ್ತು ಕಿಲೋದಷ್ಟು ಬದುಕಬಲ್ಲದು. ನಮ್ಮ ಬಯಲಿಗೆ ಹಚ್ಚಿ ನೋಡಿದರೆ ಎಂಬತ್ತೊಂದು ಕಿಲೋ ಬಂತು. ನಲವತ್ತು ಕಿಲೋದ ಪ್ರಾಣಿಯಾದರೆ ಎರಡು. ಇಡೀ ಬಯಲಿಗೆ ಎರಡೇ ಎರಡು!

ಹಿಂಡು ಬೇಕೆಂದವರ ಮುಂದೆ ಈ ಎರಡನ್ನು ಇಟ್ಟಾಗ ಒಂದಿಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಟದೊಳಗೆ ಇದನ್ನೆಲ್ಲ ಯಾರು ಎಣಿಸುತ್ತಾರೆ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎಣಿಸುವುದಿಲ್ಲ. ಆದರೆ ಹುಲ್ಲಿಗಿಂತ ಹಲ್ಲು ಹೆಚ್ಚಾದ ಬಯಲಿನಲ್ಲಿ ಅರ್ಧ ತಾಸು ತಿರುಗಾಡಿದರೆ ಅದೊಂದು ಪ್ರಾಣಿಗಳ ಗೋದಾಮು ಎಂದು ಯಾರಿಗಾದರೂ ಅನಿಸುತ್ತದೆ. ಬೇಟೆ ಬಿಟ್ಟು ಬೇರೆ ಮೇವು ಕೊಡೋಣ, ಆಗ ಸಂಖ್ಯೆ ತಾನಾಗಿ ಏರುತ್ತದೆ ಎಂದೆ. ಇಲಿ ತಿನ್ನಲಿ ಎಂದರು. ಅದಕ್ಕೂ ತೊಡಕಿತ್ತು: ಸುಮಾರು 21 ಕಿಲೋ ದಾಟಿದ ಬೇಟೆಗಾರ ಪ್ರಾಣಿಗಳು ಬರೀ ಸಣ್ಣಪುಟ್ಟ ಜೀವಿಗಳನ್ನು ತಿಂದು ಹೊಟ್ಟೆ ತುಂಬಿಸಿಕೊಳ್ಳುವುದು ಅಪರೂಪ, ಓಡಾಡಿದ ದಣಿವಿಗೇ ಅದು ಸಾಲುವುದಿಲ್ಲ. ಕರಡಿ ಗೆದ್ದಲು ತಿನ್ನುತ್ತದಲ್ಲ ಎಂದರೆ, ಅದು ಹಣ್ಣನ್ನೂ ಜೇನನ್ನೂ ತಿನ್ನುತ್ತದೆ. ಅಂದರೆ ನಮ್ಮ ಪ್ರಾಣಿ ಗಡ್ಡೆ, ಬೇರು, ಇಲಿ, ಸತ್ತ ಚಿಗರಿಯ ಎಲುಬು, ಸಿಕ್ಕಿದ್ದೆಲ್ಲ ತಿನ್ನಬೇಕು. ಅದರ ಹೆಸರು ಅಷ್ಟರಲ್ಲಿ 'ಎರಿಗ' ಎಂದು ಆಗಿತ್ತು. ಯಾರಿಟ್ಟರೋ ನೆನಪಿಲ್ಲ, ಫೈಲಿಗೆ ಒಂದು ಹೆಸರು ಬೇಕಿತ್ತು.

ಕಪ್ಪತಗುಡ್ಡದ ಕಡೆ ಹೋಗಿಬರಬೇಕೆಂದು ಹೊರಟದ್ದು ಕತ್ತೆಕಿರುಬದ ನೆವದಿಂದ. 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡ ಅದು. ತೋಳ, ಕತ್ತೆಕಿರುಬಗಳಿಗೆ ಆಸರೆ. ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುತ್ತವೆ, ಕೆಳಗೆ ಮಸಾರಿ (ಕೆಂಪು ಮಣ್ಣಿನ) ನೆಲ, ಇನ್ನಷ್ಟು ಇಳಿದರೆ ಎರಿ. ಕತ್ತೆಕಿರುಬ ಹಗಲಲ್ಲಿ ನನಗಾಗಿ ಬಂದು ನಿಲ್ಲುತ್ತದೆಂಬ ಆಸೆ ಇರಲಿಲ್ಲ, ನಿಲ್ಲಲೂ ಇಲ್ಲ. ಸಿಕ್ಕದ್ದು ಒಬ್ಬ ಕುರಿಗಾಹಿ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದ್ದ. ರಾತ್ರಿ ಕುರಿ ಮಲಗಿದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಹೊಲದವರು ಕಾಳೋ ರೊಕ್ಕವೋ ಕೊಡುತ್ತಾರೆ. ಟ್ಯಾಬ್ಲೆಟ್ ತೆಗೆದು ಎರಿಗದ ಚಿತ್ರ ತೋರಿಸಿದೆ. ಹೆಗಲು ಎತ್ತರ, ಸೊಂಟ ಇಳಿಜಾರು, ಬೆನ್ನ ಮೇಲೆ ನೆಟ್ಟಗೆ ನಿಂತ ಕೇಸರ. ಬಹಳ ಹೊತ್ತು ನೋಡಿದ. ಎಲ್ಲಿಯದು, ಯಾವ ದೇಶದ್ದು ಎಂದು ಕೇಳುತ್ತಾನೆ ಅಂದುಕೊಂಡಿದ್ದೆ.

"ಇದು ಹಿಕ್ಕಿ ಹಾಕತೈತೋ, ಲದ್ದಿ ಹಾಕತೈತೋ?" ಅಂದ.

ನಗು ಬಂತು. ಅವನು ನಗಲಿಲ್ಲ. "ಅದ ಗೊತ್ತಿರಲಿಲ್ಲಂದ್ರ ಏನ ಗೊತ್ತಾತು? ನಾವ ತ್ವಾಳಾ ಕಣ್ಣಿಲೆ ನೋಡೂದು ಯಾವಾಗರ ಒಮ್ಮೆ. ಹೇತದ್ದು ನೋಡೇ ಎಲ್ಲಾ ತಿಳಕೋಬೇಕು" ಎಂದು ಎದ್ದು ಕುರಿಗಳ ನಡುವೆ ನಡೆದು ಒಂದಿಷ್ಟು ಹಿಕ್ಕಿ ಅಂಗೈಗೆ ತಂದು ಒಂದನ್ನು ಚಿವುಟಿ ಒಡೆದ. ಒಳಗೆ ಹಿಟ್ಟಿನಂತೆ ಅರೆದ ಒಣ ನಾರು, ಹಸಿ ಎಂಬುದು ಹೆಸರಿಗೂ ಇಲ್ಲ.

ಆ ಒಂದು ಮಾತಿನಲ್ಲಿ ಪ್ರಾಣಿಯ ಒಡಲೆಲ್ಲ ಇದೆ ಎಂಬುದು ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಯೋಚಿಸುವಾಗ ಒಂದೊಂದಾಗಿ ಬಿಚ್ಚಿಕೊಂಡಿತು. ಕುರಿ, ಆಡು, ಚಿಗರಿ ಒಣಸೀಮೆಯ ಜೀವಗಳು; ದೊಡ್ಡ ಕರುಳಿನಲ್ಲಿ ನೀರನ್ನು ಕಡೆಯ ಹನಿಯವರೆಗೂ ಹಿಂದಕ್ಕೆ ಎಳೆದುಕೊಳ್ಳುತ್ತವೆ, ಉಳಿದದ್ದು ಗುಂಡಗೆ ಹಿಕ್ಕಿಯಾಗಿ ಬೀಳುತ್ತದೆ. ಆಕಳು ಎಮ್ಮೆ ನೀರಿನ ಮೇಲೆ ನಂಬಿಕೆ ಇಟ್ಟವು, ಹಾಕುವುದು ಸಗಣಿ. ಕುದುರೆ ಮೆಲುಕು ಹಾಕದು, ಅದರ ಲದ್ದಿಯಲ್ಲಿ ಒರಟು ನಾರು ಹಾಗೇ ಕಾಣುತ್ತದೆ. ಕತ್ತೆಕಿರುಬದ್ದು ಒಣಗಿದರೆ ಸುಣ್ಣದಂತೆ ಬಿಳಿ, ಎಲುಬು ಅಗಿದು ಅರಗಿಸಿಕೊಂಡದ್ದರ ಗುರುತು. ಎರಿಗ ಏನು ಹಾಕುತ್ತದೆ ಎಂದು ಬರೆಯಬೇಕಾದರೆ ಅದರ ಹಲ್ಲು, ಹೊಟ್ಟೆ, ಅದು ನೀರಿಗೆ ನಡೆಯುವ ದೂರ ಎಲ್ಲವನ್ನೂ ಮೊದಲು ಬರೆಯಬೇಕು.

ಬರೆದೆ. ಬೇಸಿಗೆಯಲ್ಲಿ ಎರಿಗ ನೀರಿಲ್ಲದೆ ಹಲವು ದಿನ ತಳ್ಳುತ್ತದೆ, ಗಡ್ಡೆಯ ರಸವೇ ಅದಕ್ಕೆ ನೀರು. ಆಗ ಅದರದ್ದು ಗಟ್ಟಿ, ಬೂದುಬಿಳಿ, ನಡುವೆ ಎಲುಬಿನ ಚೂರು, ಗಡ್ಡೆಯ ನಾರು. ಮಳೆಗಾಲದಲ್ಲಿ ಕಪ್ಪು, ಮೆತ್ತಗೆ. ಗಂಡು ಚಿಗರಿ ತನ್ನ ಗಡಿಯಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕಿಯ ರಾಶಿ ಹಾಕುತ್ತದೆ. ಆ ಗುಣ ಎರಿಗಕ್ಕೆ ಎರವಲು ತಂದೆ. ಮೇಲ್ಮೈಯ ಬಣ್ಣ ಬರೆಯುವ ಹುಡುಗಿ ಮೊದಲಿಗೆ ಮೂಗು ಮುರಿದಳು. ಆಮೇಲೆ ಅವಳೇ ಹಳೆಯದಕ್ಕೊಂದು ಬಣ್ಣ, ಹೊಸದಕ್ಕೊಂದು ಬಣ್ಣ, ಮಳೆ ಬಿದ್ದದ್ದಕ್ಕೆ ಇನ್ನೊಂದು ಎಂದು ಮೂರು ಬಗೆ ಮಾಡಿಟ್ಟಳು. ಆಟದಲ್ಲಿ ಎರಿಗದ ಜಾಡು ಹಿಡಿಯುವುದು ಈಗ ಅದರಿಂದಲೇ.

ಮೇವಿನ ಜಾಗವನ್ನು ನೆಲವೇ ಕೊಟ್ಟಿತು. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೋಳಿನವರೆಗೆ ಇಳಿಯುವಂಥ ಬಿರುಕುಗಳು. ಹೊಲದ ಇಲಿಗಳು ಅದರೊಳಗೇ ಸಂಸಾರ ಹೂಡುತ್ತವೆ, ಮಳೆ ಬಂದು ಬಿರುಕು ಮುಚ್ಚಿ ನೀರು ನಿಂತಾಗ ಬಹಳಷ್ಟು ಅಲ್ಲೇ ಸಾಯುತ್ತವೆ. ಅಂದರೆ ಬೇಸಿಗೆಯಲ್ಲಿ ಬಯಲು ತಾನಾಗಿ ಬಾಯಿ ತೆರೆದು ಒಳಗಿನದನ್ನು ತೋರಿಸುತ್ತದೆ, ಮಳೆಗಾಲದಲ್ಲಿ ಎಲ್ಲ ಮುಚ್ಚಿ ಬೀಗ ಹಾಕುತ್ತದೆ. ಎರಿಗ ಬಿರುಕಿನ ಪ್ರಾಣಿಯಾಯಿತು. ಬೇಸಿಗೆ ಅದರ ಸುಗ್ಗಿ. ಮಳೆಗಾಲ ಅದರ ಬರಗಾಲ. ಹಸಿದ ಎರಿಗ ಊರ ಹತ್ತಿರ ಬರುವುದು ಆಗಲೇ. ಕಥೆ ಬರೆಯುವವರಿಗೆ ಇದು ಬಹಳ ಹಿಡಿಸಿತು. ಎಲ್ಲ ಕಥೆಗಳಲ್ಲೂ ಬೇಸಿಗೆಯೇ ಕೆಟ್ಟದ್ದು, ಇಲ್ಲಿ ತಿರುವುಮುರುವು.

ಹೆಚ್ಚು ಹೊತ್ತು ತಿಂದದ್ದು ಪಾದ. ಮಳೆಯಲ್ಲಿ ಎರಿ ಹೊಲಕ್ಕೆ ಕಾಲಿಟ್ಟವರಿಗೆ ಹೇಳಬೇಕಾದ್ದಿಲ್ಲ. ಮೊದಲ ಹೆಜ್ಜೆಗೆ ಚಪ್ಪಲಿಯ ಅಂಚಿಗೆ ಮಣ್ಣು, ಎರಡನೆಯದಕ್ಕೆ ಚಪ್ಪಲಿಯಷ್ಟೇ ಮಣ್ಣು, ಹತ್ತು ಹೆಜ್ಜೆ ಆಗುವುದರೊಳಗೆ ಚಪ್ಪಲಿ ಅಲ್ಲೇ, ಕಾಲು ಇಲ್ಲಿ. ಬಂಡಿಯ ಗಾಲಿಯೇ ತಿರುಗದ ನೆಲದಲ್ಲಿ ನಲವತ್ತು ಕಿಲೋದ ಪ್ರಾಣಿ ಹೇಗೆ ನಡೆದೀತು? ಶ್ರಾವಣದಲ್ಲಿ ಅಣ್ಣಿಗೇರಿ ಹತ್ತಿರ ಗೆಳೆಯನ ಹೊಲಕ್ಕೆ ಹೋಗಿ ಎತ್ತಿನ ಕಾಲನ್ನು ಮೊಬೈಲಿನಲ್ಲಿ ನಿಧಾನಗತಿಗೆ ಹಾಕಿ ಚಿತ್ರಿಸಿಕೊಂಡೆ. ಸೀಳುಗೊರಸಿನ ಗುಟ್ಟು ಅಲ್ಲಿ ಕಾಣುತ್ತದೆ. ಊರಿದಾಗ ಎರಡು ಹೋಳು ಅಗಲವಾಗಿ ಭಾರ ಹಂಚಿಕೊಳ್ಳುತ್ತವೆ. ಎತ್ತುವಾಗ ಹತ್ತಿರ ಸರಿದು ಕಿರಿದಾಗುತ್ತವೆ, ಸುತ್ತ ಗಾಳಿ ನುಗ್ಗಿ ಕೆಸರಿನ ಹಿಡಿತ ಬಿಡುತ್ತದೆ. ಪಚಕ್ ಎನ್ನುವ ಆ ಸದ್ದು ಹಿಡಿತ ಬಿಟ್ಟ ಸದ್ದು. ಎತ್ತಿನ ಮಾಲಕ, ಅಂದರೆ ಗೆಳೆಯನ ಅಪ್ಪ, ಹಣೆಗೆ ಕೈ ಹಚ್ಚಿ ನಿಂತು, "ಓದಿದವರಿಗೆ ಎತ್ತಿನ ಕಾಲ ನೋಡಾಕ ಪಗಾರ ಕೊಡತಾರೇನ್ಪಾ?" ಎಂದ. ಕೊಡುತ್ತಾರೆ ಎಂದಾಗ ನಂಬಲಿಲ್ಲ.

ಆದರೆ ಎರಿಗ ಅಗೆಯಬೇಕು. ಗೊರಸಿನಿಂದ ಗಡ್ಡೆ ಅಗೆಯಲು ಬಾರದು. ಹಂದಿ ಅಗೆಯುವುದು ಮೂತಿಯಿಂದ. ಅಗೆಯಲು ಉಗುರು ಬೇಕು, ಕೆಸರಿಗೆ ಗೊರಸು ಬೇಕು. ಈ ಜಗ್ಗಾಟದಲ್ಲಿ ನನಗೆ ನೆರವಾದವು ಎರಡು ಪ್ರಾಣಿ. ಒಂದು ಈಗ ಇಲ್ಲ: ಚಾಲಿಕೋಥೀರ್ ಎಂಬ ಅಳಿದುಹೋದ ಪಂಗಡ. ಕುದುರೆ, ಘೇಂಡಾಮೃಗಗಳ ಬಳಗದ್ದಾದರೂ ಕಾಲಲ್ಲಿ ಗೊರಸಿನ ಬದಲು ದೊಡ್ಡ ಉಗುರು. ಕೆಲವಕ್ಕೆ ಮುಂಗಾಲು ಉದ್ದ, ಹಿಂಗಾಲು ಗಿಡ್ಡ, ಬೆನ್ನು ಇಳಿಜಾರು. ನಮ್ಮ ದೇಶದ ಶಿವಾಲಿಕ್ ಬೆಟ್ಟಗಳಲ್ಲೂ ಅದರ ಪಳೆಯುಳಿಕೆ ಸಿಕ್ಕಿದೆ. 'ಎಲ್ಲೂ ನೋಡಿರಬಾರದು' ಎಂದು ಚೀಟಿಯಲ್ಲಿತ್ತಲ್ಲ, ನಾನು ಕಷ್ಟಪಟ್ಟು ಕಲ್ಪಿಸುತ್ತಿದ್ದ ಮೈಕಟ್ಟನ್ನು ಭೂಮಿ ಆಗಲೇ ಮಾಡಿ, ಬಳಸಿ, ಬಿಸಾಕಿತ್ತು. ಇನ್ನೊಂದು ಹಿಮಸಾರಂಗ. ಅದರ ಅಂಗಾಲಿನ ಮೆತ್ತೆ ಬೇಸಿಗೆಯ ಜೌಗುನೆಲಕ್ಕೆ ಉಬ್ಬಿ ಅಗಲವಾಗಿರುತ್ತದೆ, ಚಳಿಗಾಲದಲ್ಲಿ ಕುಗ್ಗಿ ಒಳಸೇರಿ ಗೊರಸಿನ ಚೂಪು ಅಂಚು ಹೊರಬರುತ್ತದೆ. ಆ ಅಂಚು ಮಂಜುಗಡ್ಡೆಗೆ ಕಚ್ಚಿಕೊಳ್ಳುತ್ತದೆ, ಹಿಮ ಕೆದರಲು ಒದಗುತ್ತದೆ.

ಒಂದೇ ಪಾದಕ್ಕೆ ಎರಡು ಕಾಲ! ಅದನ್ನೇ ಎತ್ತಿಕೊಂಡೆ. ಎರಿಗಕ್ಕೆ ಮೂರು ದಪ್ಪ ಬೆರಳು, ತುದಿಯಲ್ಲಿ ಗೊರಸಿನಂತೆ ಗಟ್ಟಿಯಾದ ಉಗುರು. ಮಳೆಗಾಲಕ್ಕೆ ಅಂಗಾಲು ಉಬ್ಬಿ ಬೆರಳು ಅಗಲಿ ಉಗುರು ಮರೆಯಾಗುತ್ತದೆ, ಹೆಜ್ಜೆಗುರುತು ಗುಂಡಗೆ ಬೀಳುತ್ತದೆ. ಬೇಸಿಗೆಗೆ ಅಂಗಾಲು ಒಣಗಿ ಕುಗ್ಗಿ ಉಗುರು ಮುಂದೆ ಬರುತ್ತದೆ, ಗುರುತಿನಲ್ಲಿ ಮೂರು ಗೀರು. ಆಟವಾಡುವವರಿಗೆ ಇವು ಎರಡು ಬೇರೆ ಪ್ರಾಣಿ ಎಂದೇ ಮೊದಲು ಅನಿಸಬೇಕು ಎಂದು ನನ್ನ ಹಟ. ಬ್ಲೆಂಡರ್‌ನಲ್ಲಿ ಇದು ದೊಡ್ಡ ಕೆಲಸವೇನಲ್ಲ. ಒಂದೇ ಜಾಲಕ್ಕೆ, ಅಂದರೆ ಪರದೆಯ ಮೇಲಿನ ಮೈಯನ್ನು ಕಟ್ಟಿದ ಬಲೆಗೆ, ಎರಡು ಆಕಾರ ಕೊಟ್ಟು ನಡುವೆ ಜಾರಿಸುವ ಶೇಪ್ ಕೀ ಸಾಕು.

ಅಷ್ಟರಲ್ಲಿ ಮಣ್ಣೆತ್ತಿನ ಅಮವಾಸ್ಯೆ ಎಂದೋ ಕಳೆದಿತ್ತು. ಆ ಹಬ್ಬಕ್ಕೆ ಎತ್ತು ಕೊಳ್ಳುವಾಗ ಕುಂಬಾರರ ಹತ್ತಿರ ಮುದ್ದೆ ಮಣ್ಣು ಕೇಳಿ ತಂದು ಎರಿಗವನ್ನು ಕೈಯಲ್ಲಿ ಮಾಡಿ ನೋಡಿದ್ದೆ. ಪರದೆಯ ಮೇಲೆ ಎಂಥ ಪ್ರಾಣಿಯೂ ನಿಲ್ಲುತ್ತದೆ, ಅಲ್ಲಿ ಭಾರವೇ ಇಲ್ಲ. ಮಣ್ಣಿನದು ಸುಳ್ಳು ಹೇಳದು. ಲಕ್ಕುಂಡಿಯ ಎದೆ, ದವಡೆ ಇಟ್ಟ ಕೂಡಲೇ ಮೂತಿ ಮುಂದಾಗಿ ಬಿತ್ತು. ಮುಂಗಾಲನ್ನು ಒಂದು ಬೆರಳಷ್ಟು ಮುಂದೆ ತಂದೆ, ಕತ್ತು ಗಿಡ್ಡ ಮಾಡಿದೆ, ತಲೆಯನ್ನು ಹೆಗಲ ಮಟ್ಟಕ್ಕೆ ಇಳಿಸಿದೆ. ನಿಂತಿತು. ತಲೆ ತಗ್ಗಿಸಿ ಕೆಳಗಣ್ಣಿನಿಂದ ನೋಡುವ ಆ ನಿಲುವು ಹೀಗೆ ಬಂದದ್ದು. ನಮ್ಮ ಅವ್ವ ಅದಕ್ಕೂ ಕುಂಕುಮ ಹಚ್ಚಿ ಎತ್ತುಗಳ ಜೋಡಿ ಜಗಲಿಯ ಮೇಲಿಟ್ಟು ಕಡಬಿನ ಎಡೆ ತೋರಿಸಿದಳು.

ನಡಿಗೆಯ ಬಗ್ಗೆ ಹೇಳುವುದಾದರೆ, ನಾಲ್ಕು ಕಾಲಿನವು ನಿಧಾನ ನಡೆಯುವಾಗ ಹೆಜ್ಜೆಯ ಸರದಿ ಸಾಮಾನ್ಯವಾಗಿ ಒಂದೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕುದುರೆ ಇದರಿಂದ ದುಡುಕಿಗೆ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ, ಇಂಗ್ಲಿಷಿನ ಟ್ರಾಟ್), ದುಡುಕಿನಿಂದ ನಾಗಾಲೋಟಕ್ಕೆ ಏರುತ್ತದೆ. ಜಿರಾಫೆಗೆ ನಡುವಿನ ದುಡುಕೇ ಇಲ್ಲ; ನಡೆಯುತ್ತದೆ, ಇಲ್ಲವೇ ನೆಗೆದು ಓಡುತ್ತದೆ. ಮುಂಭಾರದ ಎರಿಗಕ್ಕೂ ಹಾಗೇ ಇರಲಿ ಎಂದು ದುಡುಕು ಕೈಬಿಟ್ಟೆವು, ಅನಿಮೇಷನ್ ಹುಡುಗ ಚಹಾ ಕುಡಿಸಿದ. ಅವನೇ ಸೇರಿಸಿದ್ದೊಂದಿದೆ, ಇಡೀ ಪ್ರಾಣಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಮಳೆಗಾಲದಲ್ಲಿ ಎರಿಗ ಕೆಲವು ಹೆಜ್ಜೆ ನಡೆದು ನಿಲ್ಲುತ್ತದೆ, ಒಂದು ಮುಂಗಾಲು ಎತ್ತುತ್ತದೆ, ಎರಡು ಸಲ ಝಾಡಿಸುತ್ತದೆ, ಮಣ್ಣಿನ ಹೆಂಟೆ ಹಾರಿ ಬೀಳುತ್ತದೆ, ಕಾಲು ಊರಿ ಮುಂದೆ ಹೋಗುತ್ತದೆ. ನಮ್ಮ ಹೊಲದ ನಾಯಿ ಹಾಗೆ ಮಾಡುತ್ತದೆ ಎಂದ. ಬೆನ್ನು ಹತ್ತಿದ ಎರಿಗದಿಂದ ತಪ್ಪಿಸಿಕೊಳ್ಳುವವರಿಗೆ ಆ ಝಾಡಿಸುವ ಕ್ಷಣವೇ ದಾರಿ. ಆದರೆ ಓಡುವವರ ಕಾಲಿಗೂ ಮಣ್ಣು ಹತ್ತಿರುತ್ತದೆ.

ಬುದ್ಧಿಯ ಭಾಗ ಪ್ರೋಗ್ರಾಮಿಂಗ್ ಮಾಡುವವರದ್ದು, ನಾನು ಪಕ್ಕದಲ್ಲಿ ಕೂತು ಮೂಗು ತೂರಿಸಿದೆ. ಚಿಗರಿಗಳ ಹಿಂಡಿಗೆ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಮೂರು ನಿಯಮ ಇವತ್ತಿಗೂ ಸಾಕು: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕಿಗೆ ಹೋಗು, ಗುಂಪಿನ ನಡುವಿಗೆ ಸರಿ. ಎರಿಗ ಒಂಟಿ, ಅದಕ್ಕೆ ಬೇರೆ ಲೆಕ್ಕ. ಸ್ವಿಸ್ ಪ್ರಾಣಿತಜ್ಞ ಹೈನಿ ಹೆಡಿಗರ್ ಹೇಳಿದ ಹಾಗೆ ಪ್ರತಿ ಪ್ರಾಣಿಗೂ ಒಂದು ಅಂತರವಿರುತ್ತದೆ. ಅದರೊಳಗೆ ಕಾಲಿಟ್ಟರೆ ಓಡುತ್ತದೆ, ಓಡಲು ದಾರಿಯಿಲ್ಲದಷ್ಟು ಹತ್ತಿರ ಹೋದರೆ ಮೇಲೆ ಬೀಳುತ್ತದೆ. ನಮ್ಮಲ್ಲಿ ಅರವತ್ತು ಮೀಟರಿಗೆ ತಲೆ ಎತ್ತುತ್ತದೆ, ನಲವತ್ತಕ್ಕೆ ಕೇಸರ ನಿಲ್ಲುತ್ತದೆ, ಇಪ್ಪತ್ತಕ್ಕೆ ಓಟ. ಬಿರುಕಿನೊಳಗೆ ತಲೆ ಹಾಕಿ ಅಗೆಯುತ್ತಿದ್ದರೆ ಮಾತ್ರ ಏನೂ ಕೇಳಿಸದು. ಆಗ ಸೀದಾ ಮೂರು ಮೀಟರಿಗೆ ಎದುರಾಗಿ ಇಬ್ಬರಿಗೂ ಎದೆ ಒಡೆಯುತ್ತದೆ.

ಒಂಟಿ ಪ್ರಾಣಿಗೆ ಯಾರು ಹೆದರುತ್ತಾರೆ ಎಂಬ ತಕರಾರು ನಿರ್ದೇಶಕರದ್ದು ಕೊನೆಯವರೆಗೂ ಇತ್ತು. ಅದಕ್ಕೆ ಉತ್ತರ ಕೊಟ್ಟದ್ದು ಸದ್ದು. ಗರ್ಜನೆ ಬೇಡ ಎಂದು ನಾನು ಹಠ ಹಿಡಿದಿದ್ದೆ. ಕಿರುಬ ನಗುತ್ತದೆ ಎಂಬುದು ಆಫ್ರಿಕದ ಚುಕ್ಕೆ ಕಿರುಬದ ಮಾತು. ನಮ್ಮ ಪಟ್ಟೆಯ ಕತ್ತೆಕಿರುಬ ಬಹುಮಟ್ಟಿಗೆ ಮೌನಿ. ಎರಿಗದ ಬಾಯಿಂದ ಉಸಿರು ಬಿಟ್ಟರೆ ಏನೂ ಇಲ್ಲ. ಅಗೆಯುವ ಸದ್ದಿಗೆ ಒಣ ಹೆಂಟೆ ಕೆರೆದೆವು, ಎಲುಬು ಅಗಿಯುವುದಕ್ಕೆ ಜೋಳದ ದಂಟು ಮುರಿದೆವು, ಉಸಿರಿಗೆ ಎಮ್ಮೆಯ ಮೂಗಿನ ಮುಂದೆ ಮೈಕು ಹಿಡಿದು ಬಂದದ್ದನ್ನು ನಿಧಾನ ಮಾಡಿದೆವು. ರಾತ್ರಿ ಬಯಲು ದಾಟುವಾಗ ಕಾಲ ಕೆಳಗೆ ಎಲ್ಲೋ ಆ ಕೆರೆತ ಕೇಳುತ್ತದೆ, ಯಾವ ಬಿರುಕಿನಿಂದ ಎಂದು ತಿಳಿಯುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿದ ಮೇಲೆ ನಿರ್ದೇಶಕರು ಹಿಂಡಿನ ಮಾತು ಎತ್ತಲಿಲ್ಲ.

ಪರೀಕ್ಷೆಗೆ ಕಾಲೇಜು ಹುಡುಗರನ್ನು ಕರೆದಿದ್ದೆವು. ಮೊದಲು ಕೂತವನು ಎರಿಗ ಕಂಡದ್ದೇ ಬಾಣ ಬಿಟ್ಟು ಕೆಡವಿ, "ಏನ ಸಿಗತೈತಿ ಇದರಿಂದ?" ಎಂದ. ಚರ್ಮ, ಉಗುರು. ಹೊಡೆದ, ಹೊಡೆದ, ಹೊಡೆಯುತ್ತ ಹೋದ. ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಎಣಿಕೆ ಇಟ್ಟಿದ್ದೆವು: ಎರಿಗ ಕಡಿಮೆಯಾದರೆ ಆ ಭಾಗದಲ್ಲಿ ಇಲಿ ಏರುತ್ತದೆ, ಇಲಿ ಏರಿದರೆ ಪಕ್ಕದ ಹಳ್ಳಿಯ ಕಣದಲ್ಲಿ ಕಾಳು ಇಳಿಯುತ್ತದೆ, ಅಂಗಡಿಯಲ್ಲಿ ರೊಟ್ಟಿಯ ಬೆಲೆ ಏರುತ್ತದೆ. ಎಲ್ಲೂ ಬರೆದು ತೋರಿಸುವುದಿಲ್ಲ. ಹುಬ್ಬಳ್ಳಿ ಪೇಟೆಯ ಹುಡುಗರು ರೊಟ್ಟಿ ತುಟ್ಟಿಯಾಯಿತೆಂದು ನಮ್ಮನ್ನು ಬೈದರು. ನವಲಗುಂದದ ಕಡೆಯ ಒಬ್ಬ ಹಿಂದೆ ನಿಂತು ನೋಡುತ್ತಿದ್ದವನು, "ಎರಿಗಾ ಹೊಡೀಬ್ಯಾಡ್ರಲೇ, ಇಲಿ ಆಗ್ಯಾವ" ಎಂದು ಕೂಗಿದ. ಅವನ ಕೈಗೆ ಆಟ ಇನ್ನೂ ಸಿಕ್ಕಿರಲೇ ಇಲ್ಲ.

ಈಗ ಉಳಿದಿರುವುದು ಸವಾರಿಯ ಜಗಳ. ಆಟ ಮಾರುವವರಿಗೆ ಎರಿಗದ ಮೇಲೆ ಕೂತು ಓಡುವ ಚಿತ್ರ ಬೇಕಂತೆ. ಹೆಗಲಿನಿಂದ ಸೊಂಟಕ್ಕೆ ಅಷ್ಟು ಇಳಿಜಾರಿದೆ, ಜೀನು ಹಾಕಿದರೆ ಸವಾರ ಬಾಲದ ಕಡೆಯಿಂದ ಇಳಿಯುತ್ತಾನೆ, ಅಲ್ಲದೆ ನಲವತ್ತು ಕಿಲೋದ ಪ್ರಾಣಿ ಅರವತ್ತು ಕಿಲೋದ ಮನುಷ್ಯನನ್ನು ಯಾಕೆ ಹೊರಬೇಕು ಎಂದು ನಾನು. ಬೆನ್ನು ಸ್ವಲ್ಪ ಸಮ ಮಾಡು, ಮೈ ಸ್ವಲ್ಪ ದೊಡ್ಡದು ಮಾಡು ಎಂದು ಅವರು. ಮೈ ದೊಡ್ಡದಾದರೆ ಮೇವಿನ ಲೆಕ್ಕ ಮತ್ತೆ ಮೊದಲಿನಿಂದ. ಸದ್ಯಕ್ಕೆ ಒಪ್ಪಂದವಾಗಿದೆ: ಸವಾರಿ ಇಲ್ಲ, ತಾಯಿ ಸತ್ತ ಮರಿ ಸಿಕ್ಕರೆ ಸಾಕಬಹುದು, ಮೊದಲ ಮಳೆಗೆ ಅದು ತಪ್ಪಿಸಿಕೊಂಡು ಹೋಗುತ್ತದೆ. ಮರಿಯ ಚಿತ್ರ ಇನ್ನೂ ಬರೆಯಬೇಕು. ಗಡ್ಡೆ ಅಗಿಯಲು ಹಲ್ಲು ಬರುವವರೆಗೆ ಅದು ಏನು ತಿನ್ನುತ್ತದೆ ಎಂಬುದು ಇತ್ಯರ್ಥವಾಗಿಲ್ಲ, ಅದಕ್ಕೇ ಅದರ ಲದ್ದಿಯ ಬಣ್ಣವೂ ನಿಂತಿದೆ.